ತಂಗಿಯ ದಿಂಬಿನ ಚೀಲ

ಸಾಕಿದ ಹೆಬ್ಬಾವಿನ ಮೈಮೇಲೆ ಅಂಟಿಕೊಂಡಿದ್ದ ಪೊರೆಯನ್ನು ಬ್ರಾನ್ವಿನ್ ಕೈಯಾರೆ ಎಳೆದು ಕಿತ್ತಿದ್ದಳು. ಅಡಿಯ ಹಸಿ ಚರ್ಮವೂ ಅದರೊಂದಿಗೆ ಹರಿದು ಬಂದಿತ್ತು.

ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ ಊರಿನ ಪಶು ಚಿಕಿತ್ಸಾಲಯದಲ್ಲಿ ತನ್ನ ನಾಯಿಯೊಂದಿಗೆ ಕಾದು ಕೂತಿದ್ದ ಮುದುಕಿ ಮರ್ಲ್‌ಗೆ, ಎದುರು ಬೆಂಚಿನ ಅಕ್ಕತಂಗಿಯರ ಜಗಳದಿಂದ ಇಷ್ಟು ತಿಳಿಯಿತು. ಹಾವು ತಂಗಿ ಜೋಲೀನಳ ಮಡಿಲಲ್ಲಿ, ಗಂಟು ಹಾಕಿದ ದಿಂಬಿನ ಚೀಲದೊಳಗಿತ್ತು.

"ಉಗುರುಬೆಚ್ಚಗಿನ ನೀರಲ್ಲಿ ನೆನೆಸಿದ್ರೆ ತಾನೇ ಬಿಡ್ತಿತ್ತು ಕಣಕ್ಕ."

"ನಂಗೆ ಪಾಠ ಹೇಳ್ಬೇಡ. ಮರಿಯಿಂದ ಸಾಕಿದೋಳು ನಾನು."

"ಸಾಕಿ, ನಂಗೆ ಒಪ್ಪಿಸಿ ಗಣಿ ಕೆಲಸಕ್ಕೆ ಹೋದೆ. ಪೊರೆ ಬಿಡೋ ಕಾಲದಲ್ಲಿ ಮುಟ್ಟಬಾರ್ದು ಅನ್ನೋದೂ ಮರೆತೆ."

"ನನ್ನ ಕಂಡ್ರೆ ಬುಸ್ ಅನ್ನತ್ತೆ. ನಿನ್ನ ಕೊರಳಿಗೆ ಮಾತ್ರ ಸರದ ಹಾಗೆ ಸುತ್ಕೊಳ್ಳತ್ತೆ. ಅದೇನು ಮದ್ದು ಹಾಕಿದೀಯೋ."

"ದಿನಾ ಬಟ್ಟಲಿಗೆ ನೀರು ಹಾಕಿದೀನಿ, ಅಷ್ಟೇ."

"ಈ ಚೀಲ ಯಾರದು?"

"ನಂದೇ. ನನ್ನ ವಾಸನೆ ಇದ್ರೆ ಸುಮ್ನಿರತ್ತೆ."

ಬ್ರಾನ್ವಿನ್ ಆ ಚೀಲವನ್ನೇ ನೋಡುತ್ತ ಕೂತಳು.

"ಹಾವಿನವರು ಬನ್ನಿ," ಎಂದು ವೈದ್ಯೆ ಕರೆದಳು.

ಬ್ರಾನ್ವಿನ್ ಎದ್ದು ಕೈ ಚಾಚಿದಳು. "ಹಾವು ಸಾಕೋ ಲೈಸೆನ್ಸ್ ನನ್ನ ಹೆಸರಲ್ಲಿದೆ. ಕೊಡು ಇಲ್ಲಿ."

ಜೋಲೀನ್ ಚೀಲವನ್ನು ಎದೆಗವಚಿಕೊಂಡು ಎದ್ದಳು.

"ಕೊಡಲ್ಲ," ಎಂದು ಅಕ್ಕನನ್ನು ದಾಟಿ ಒಳಗೆ ನಡೆದಳು.