ನಾನೂರ ಹನ್ನೆರಡು ಜನ ಹಾಜರ್

ಏದುಸಿರಾ? ಅಯ್ಯೋ, ಏನಿಲ್ಲ ಮೇಡಂ! ಏಳನೇ ಮಹಡಿವರೆಗೂ ಮೆಟ್ಟಿಲು ಹತ್ತಿ ಬಂದೆ, ಅಷ್ಟೇ. ನಡೀಬೇಕು ಅಂತ ಡಾಕ್ಟರು ಹೇಳಿದಾರೆ... ಕೂತ್ಕೊಳ್ಳಿ, ಕೂತ್ಕೊಳ್ಳಿ. ಹೊಸ ಲಿಫ್ಟಿನ ತಪಾಸಣೆ ಅಂದ್ರೆ ನಿಮ್ಮದೊಂದು ಸಹಿ ತಾನೇ? ಇಲ್ಲಿ... ಈ ಗೆರೆ ಮೇಲೆ.

ಓದ್ತೀರಾ? ಲಿಫ್ಟಿನ ಪ್ರೋಗ್ರಾಮು ಪೂರ್ತಿನಾ? ಓದಿ, ಓದಿ! ನನ್ನ ಕೆಲಸ ಓದೋರೇ ಇಲ್ಲ ಈ ಆಫೀಸಲ್ಲಿ. ಹಳೇ ಚಿಪ್ಪಿನ ಮೇಲೆ ಓಡ್ತಿದ್ದ, ಲಿಫ್ಟ್ ನಡೆಸೋ ಆಪರೇಟಿಂಗ್ ಸಿಸ್ಟಮ್ಮನ್ನ ಈ ಹೊಸ, ಅಗ್ಗದ ಚಿಪ್ಪಿಗೆ ಎತ್ತಿ ಕೂರಿಸಿದ್ದು ಯಾರು? ನಾನು. ಒಬ್ಬನೇ! ಆರು ತಿಂಗಳ ಕೆಲಸ, ಹದಿನೈದೇ ದಿನ. ಮೀಟಿಂಗಲ್ಲಿ ಎದೆ ತಟ್ಟಿ ಹೇಳಿಬಿಟ್ಟಿದ್ದೆ ನೋಡಿ... ನಾಳೆಯಿಂದ ನಾನೇ ಚೀಫು, ಗೊತ್ತಾ? ನೀವು ಸಹಿ ಹಾಕಿದ ಮೇಲೆ.

ಯಾಕೆ ನಗ್ತೀರಾ?... ಸರಿ, ಕೇಳಿ. ಕಂಪೈಲರು ನಾವು ಬರೆದದ್ದನ್ನ ಚಿಪ್ಪಿಗೆ ತಿಳಿಯೋ ಹಾಗೆ ತುಂಡು ತುಂಡಾಗಿ ಮಾಡಿಕೊಡುತ್ತೆ. ಲಿಂಕರು ಆ ತುಂಡುಗಳನ್ನ ಜೋಡಿಸುತ್ತೆ. ಹಾಜರಿ ಕರೆಯೋ ಮೇಷ್ಟ್ರು ಅಂದ್ಕೊಳ್ಳಿ. 'ಬಾಗಿಲು ತೆಗೆಯೋನು ಇದ್ದಾನಾ? ದೀಪ ಹಾಕೋನು ಇದ್ದಾನಾ?' ಒಬ್ಬ ಇಲ್ಲ ಅಂದ್ರೂ ಮುಂದಕ್ಕೆ ಹೋಗಲ್ಲ, ಅಷ್ಟು ಮೊಂಡು! ಹೊಸ ಚಿಪ್ಪಲ್ಲಿ ಅಂಥ ನಾನೂರ ಹನ್ನೆರಡು ಜನ, ಅಂದ್ರೆ ತುಂಡುಗಳು, ನಾಪತ್ತೆ. ಹೋದ ಬುಧವಾರ ಸ್ಕ್ರೀನ್ ತುಂಬಾ ಕೆಂಪು ಕೆಂಪು ಸಾಲು!

ಆಮೇಲೇನಾ? ಆಮೇಲೆ... ಸರಿಹೋಯ್ತು. ಯಾವ ಫೈಲು? ಇದಾ? ಅದು... ಅದು ಸಣ್ಣ ಫೈಲು, ಬಿಡಿ. ಹೌದು, ನಾನೂರ ಹನ್ನೆರಡು ಹೆಸರೂ ಅದರಲ್ಲೇ ಇದೆ. ಬರೀ ಹೆಸರು, ಒಳಗೆ ಕೆಲಸ ಮಾಡೋದು ಏನೂ ಇಲ್ಲ, ನಿಜ... ಕರೆದಾಗ 'ಆಯ್ತು ಸ್ವಾಮಿ' ಅನ್ನುತ್ತೆ, ಸುಮ್ಮನಾಗುತ್ತೆ. ಕಾಲೇಜಲ್ಲಿ ಗೆಳತಿ ಪರವಾಗಿ ನೀವು ಹಾಜರ್ ಅಂದಿಲ್ವಾ? ಅಂದಿರ್ತೀರಿ! ಮೇಷ್ಟ್ರು ತಲೆ ಎತ್ತಿ ನೋಡಲ್ಲ. ಲಿಂಕರೂ ಅಷ್ಟೇ. ಒಂದು ತಪ್ಪೂ ಇಲ್ಲ ಅಂದ್ಬಿಡ್ತು! ಸಾಹೇಬ್ರು ಎಲ್ಲರ ಮುಂದೆ ಬೆನ್ನು ತಟ್ಟಿದ್ರು.

ಅವೆಲ್ಲ ಚಿಲ್ಲರೆ ಮೇಡಂ... ಫ್ಯಾನು, ಗಂಟೆ, ಬಟನ್ ದೀಪ... ಒಂದೊಂದಾಗಿ ತುಂಬ್ತೀನಿ. ಚೀಫ್ ಆದ್ಮೇಲೆ.

ಎದ್ರಿ? ಎಲ್ಲಿಗೆ? ಓಹೋ, ಲಿಫ್ಟಲ್ಲಿ ಕೆಳಗೆ ಹೋಗಿ ಬಂದು ಸಹಿ ಹಾಕ್ತೀರಾ... ಹೋಗಿ ಬನ್ನಿ, ನಾನು ಮೆಟ್ಟಿಲಲ್ಲಿ... ಡಾಕ್ಟರು ಹೇಳಿದಾರೆ ಅಂದ್ನಲ್ಲ... ಯಾಕೆ, ಲಿಫ್ಟ್ ಒಳಗೆ ನಿಂತು ಬಾಗಿಲು ಹಿಡ್ಕೊಂಡಿದ್ದೀರಾ? ನಾನೂ ಬರಬೇಕಾ? ಬೆರಳು ಯಾಕೆ ಬಟನ್ ಕಡೆ ಹೋಗ್ತಿದೆ? ಅಯ್ಯೋ, ಬಟನ್ ಒತ್ತಬೇಡಿ!

ಹೊರಗೆ ಬನ್ನಿ. ದಯವಿಟ್ಟು ಹೊರಗೆ ಬನ್ನಿ. ಆ ಫೈಲಲ್ಲಿ ಇನ್ನೂರ ಮೂರನೇ ಹೆಸರು... ಬ್ರೇಕು. ಅದೂ ಬರೀ ಹಾಜರ್ ಅನ್ನುತ್ತೆ, ಅಷ್ಟೇ.