ಕಲ್ಲಣ್ಣ ಕಾಕಾ ಬಡಿಯದ ಪಟ್ಟಿ

ಇಂದುಬಾಯಿ ಕಾಕು, ಕಲ್ಲಣ್ಣ ಕಾಕಾನ ಈ ಶೋಕಸಭೆಯಲ್ಲಿ ಮೊದಲ ನಮಸ್ಕಾರ ಅವರ ಹೆಂಡತಿಯಾದ ನಿಮಗೆ. ನಾಗಣಸೂರಿನಿಂದ ಬಂದ ಬಂಧುಗಳಿಗೆ, ಸೊಲ್ಲಾಪುರದ ಫರ್ನಿಚರ್ ವ್ಯಾಪಾರಿಗಳಿಗೆ, ಮತ್ತು — ವೇದಿಕೆಯ ಸೋಫಾದಲ್ಲಿ ಆರಾಮಾಗಿ ಕುಳಿತಿರುವ ನಮ್ಮ ಮಾಲೀಕರಾದ ಸಾತಲಿಂಗಪ್ಪ ಶೇಟ್‌ಜಿಯವರಿಗೂ ನಮಸ್ಕಾರ.

ನಾನು ಅವರ ಅಂಗಡಿಯ ಟೈಪಿಸ್ಟ್. ಕಾನ್ವೆಂಟಿನಲ್ಲಿ ಓದಿದವಳು, ಕನ್ನಡ ಎಡವಿದರೆ ಕ್ಷಮಿಸಿ. ಕೈಯ ಹಸಿರು ಬಳೆ ಇನ್ನೂ ಹೊಸದು. "ನಾಕ ಮಾತಾಡಿ ಇಳದಬಿಡು" ಎಂದು ನಮ್ಮವರು ದಾರಿಯುದ್ದಕ್ಕೂ ಹೇಳಿದರು. ನೋಡಿ, ಅಲ್ಲಿಂದ ಕಣ್ಣು ಬಿಡುತ್ತಿದ್ದಾರೆ! ಸಿಟ್ಟಿನಲ್ಲೂ ಎಷ್ಟು ಚೆಂದ — ಇರಲಿ. ನಾಲ್ಕು ಮಾತಿಗೆ ಮುಗಿಯುವುದಿಲ್ಲರೀ.

ಕಲ್ಲಣ್ಣ ಕಾಕಾ ನಮ್ಮ ಅಂಗಡಿಯ ಸೋಫಾ ಮೇಸ್ತ್ರಿ. ಬಾಯಿ ಜೋರು, ಜಂಬ ಇನ್ನೂ ಜೋರು. ಕುಳಿತವರ ಭಾರ ಹೊರುವುದು ಮೇಲಿನ ರೆಕ್ಸಿನ್ ಅಲ್ಲ, ಸ್ಪ್ರಿಂಗಿನ ಕೆಳಗೆ ಹೆಣೆದ ಪಟ್ಟಿ. ಅದಕ್ಕೆ ಸೆಣಬೇ ಆಗಬೇಕು ಎಂದು ಅವರ ಹಟ. ಮುಂಬೈಯಿಂದ ರಬ್ಬರ್ ಪಟ್ಟಿ ಬಂದಾಗ ಮೂಸಿ ಎಸೆದರು — "ನಮ್ಮ ಬಿಸಲಾಗ ಇದು ಹಪ್ಪಳ ಆಗ್ತದ!" ಸೆಣಬನ್ನು ಎಳೆದು, ಮೊಳೆ ಬಡಿದು, ಮೇಲೆ ಹೀಗೆ — ಗುದ್ದುತ್ತಿದ್ದರು. ಹಲಗೆ ಬಾರಿಸಿದ ಹಾಗೆ ಸದ್ದು ಬರಬೇಕು. ಬರದಿದ್ದರೆ ಎಲ್ಲ ಕಿತ್ತು ಮತ್ತೆ ಮೊದಲಿನಿಂದ.

ಈ ವರ್ಷ ಶೇಟ್‌ಜಿ ಸೆಣಬು ತರಿಸಲಿಲ್ಲ. ಮಂಚಕ್ಕೆ ಹೆಣೆಯುವ ಹತ್ತಿಯ ನವಾರವನ್ನೇ ಬಡಿ ಎಂದರು. ಟೈಪ್‌ರೈಟರ್ ಮುಂದೆ ಕುಳಿತು ನಾನು ಕೇಳಿದ ಮಾತು ಇದು —

"ನವಾರ ಮಂಚಕ್ಕರಿ, ಶೇಟ್‌ಜಿ. ಸಡಲಾದ್ರ ಮತ್ತ ಜಗ್ಗಿ ಬಿಗೀತೀವಿ. ಸೋಫಾದಾಗ ಮೊಳಿ ಬಡದ ಮ್ಯಾಲ ಯಾರು ಬಿಗೀತಾರ?"

"ಒಳಗಿಂದು ಯಾಂವ ನೋಡ್ತಾನೋ? ಮ್ಯಾಲ ಚಂದ ಕಂಡ್ರ ಸಾಕು."

"ನೋಡೂದಿಲ್ಲರಿ. ಕೂಡ್ತಾರ!"

ಕಾಕಾ ಆ ನವಾರ ಮುಟ್ಟಲಿಲ್ಲ. ಅವರು ಊರಿಗೆ ಹೋದ ದಿನ ಶೇಟ್‌ಜಿ ಅದನ್ನು ಒಂದು ಸೋಫಾಕ್ಕೆ ಅಂಗಡಿಯ ಆಳು ನಿಂಗಣ್ಣನ ಕೈಯಿಂದ ಬಡಿಸಿದರು. ನಿಂಗಣ್ಣ ಇಲ್ಲೇ ಇದ್ದಾನೆ. ಸುಳ್ಳಾಗಿದ್ದರೆ ಈಗಲೇ ಹೇಳಲಿ.

— ಹೇಳಲಿಲ್ಲ. ಎಲ್ಲರೂ ನೋಡಿದಿರಲ್ಲ?

ಆ ಸೋಫಾ ಬಂದದ್ದು ನನ್ನ ಲಗ್ನಕ್ಕೇ! ಆರತಕ್ಷತೆಯಲ್ಲಿ ನಾವಿಬ್ಬರೂ ಕುಳಿತದ್ದೇ ತಡ, ನಡು ಕುಸಿಯಿತು. ನಾನು ಇವರ ಮೇಲೆ, ಇವರು ನನ್ನ ಮೇಲೆ. ಫೋಟೋದಲ್ಲಿ ಮೊಣಕಾಲು ಗದ್ದಕ್ಕೆ ತಾಗಿವೆ! ಜನ ನಕ್ಕರು. ನಿಜ ಹೇಳಲೇ? ನನಗಂತೂ ಖುಷಿಯೇ ಆಗಿತ್ತು.

ಆದರೆ ಶೇಟ್‌ಜಿ ತುಂಬಿದ ಮಂಟಪದಲ್ಲಿ ಕಾಕಾನತ್ತ ಬೆರಳು ತೋರಿಸಿದರು. "ಮುದುಕನ ಕೈ ಸೋತಾವ. ಪಟ್ಟಿ ಸಡಲ ಬಡದಾನ." ಅಲ್ಲೇ ಕೆಲಸ ಬಿಡಿಸಿದರು. "ನಾನಲ್ಲ" ಎಂದ ಕಾಕಾನ ಮಾತು ಬ್ಯಾಂಡಿನಲ್ಲಿ ಮುಳುಗಿತು. ಆಮೇಲೆ ಸೊಲ್ಲಾಪುರದಿಂದ ಅಕ್ಕಲಕೋಟೆಯವರೆಗೆ ಯಾವ ಅಂಗಡಿಯೂ ಅವರನ್ನು ಒಳಗೆ ಕರೆಯಲಿಲ್ಲ. ಆ ಕೊರಗಿನಲ್ಲೇ ಹಾಸಿಗೆ ಹಿಡಿದರು, ಹೋದರು.

ಮಣ್ಣು ಮಾಡಿದ ದಿನ ಇಂದುಬಾಯಿ ಕಾಕು ನನ್ನ ಕೈ ಹಿಡಿದು ಕೇಳಿದ್ದು ಇಷ್ಟೇ — "ಅವರ ಕೈ ಸೋತಿದ್ದಿಲ್ಲ ಅಂತ ಮಂದ್ಯಾಗ ಒಬ್ಬರರೆ ಹೇಳ್ರವ್ವಾ."

ಹೇಳಿದೆ, ಕಾಕು. ಮಂದಿಯಲ್ಲೇ ಅವಮಾನ ಆದದ್ದು, ಮಂದಿಯಲ್ಲೇ ಹೇಳಿದೆ.

ಇನ್ನೊಂದು ಮಾತು. ಇವತ್ತಿನ ಸಭೆಗೆ ಗೋದಾಮಿನಿಂದ ಒಂದು ಸೋಫಾ ಕಳಿಸು ಎಂದು ಶೇಟ್‌ಜಿ ನನಗೇ ಅಪ್ಪಣೆ ಕೊಟ್ಟರು. ಯಾವುದು ಎಂದು ಹೇಳಲಿಲ್ಲ. ನಾನೇ ಆರಿಸಿದೆ — ತುಂಬ ಪ್ರೀತಿಯಿಂದ ಆರಿಸಿದೆ! ಮೇಲಿನ ರೆಕ್ಸಿನ್ ಹೊಸದು, ಶೇಟ್‌ಜಿ. ಚಂದ ಕಾಣುತ್ತದೆ. ಒಳಗಿನದು ನನ್ನ ಲಗ್ನದಲ್ಲಿ ಕುಸಿದ ಅದೇ ನವಾರ. ನನ್ನ ಭಾಷಣ ಶುರುವಾದಾಗ ನಿಮ್ಮ ಮೊಣಕಾಲು ಎಲ್ಲಿದ್ದವು, ಈಗ ಎಲ್ಲಿವೆ — ಸಭೆಗೆ ಕಾಣುತ್ತಿದೆ.

ಈಗ ಕಲ್ಲಣ್ಣ ಕಾಕಾನ ಆತ್ಮಕ್ಕೆ ಶಾಂತಿ ಕೋರಿ ಎಲ್ಲರೂ ಎದ್ದು ನಿಲ್ಲಬೇಕೆಂದು ಕೈಮುಗಿದು ಕೇಳುತ್ತೇನೆ. ಕಾಕು, ನಿಧಾನ. ಹಿರಿಯರೇ, ನಿಧಾನ.

ಶೇಟ್‌ಜಿ, ನೀವೂ.

— ನಿಂಗಣ್ಣ, ಕೈ ಕೊಡಬೇಡ. ಅವರೇ ಏಳಲಿ. ನಮಗೆ ಅವಸರವಿಲ್ಲ. ಅವರು ಎದ್ದು ನಿಂತ ಮೇಲೆಯೇ ಮೌನ ಶುರು.