ಗಾಜಿನ ಪೆಟ್ಟಿಗೆಯಲ್ಲಿ ಹಿಡಿಸುವ ದೇವರು

ದಿನ ತುಂಬದೆ ಹುಟ್ಟಿದ ಶಿಶುಗಳ ವಾರ್ಡಿನ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಒಬ್ಬ ಅಜ್ಜಿ ಐದು ವರ್ಷದ ಮೊಮ್ಮಗಳೊಡನೆ ಕೂತಿದ್ದರು. ಒಳಗೆ ಗಾಜಿನ ಪೆಟ್ಟಿಗೆಯಲ್ಲಿದ್ದ ಅವಳ ತಮ್ಮನಿಗೆ ಅಂದು ಒಂಬತ್ತನೇ ದಿನ.

“ಅಜ್ಜಿ, ತಮ್ಮನ ಜೊತೆ ಯಾರಿದ್ದಾರೆ?”

“ದೇವರಿದ್ದಾನೆ, ಪುಟ್ಟಿ.”

“ದೇವರು ಎಷ್ಟು ದೊಡ್ಡೋನು?”

“ಆಕಾಶದಷ್ಟು.”

“ಮತ್ತೆ ಆ ಪೆಟ್ಟಿಗೇಲಿ ಹೇಗೆ ಹಿಡಿಸ್ತಾನೆ?”

ಹುಡುಗಿ ತಾನೇ ಉತ್ತರವನ್ನೂ ಹೇಳಿದಳು.

“ತಮ್ಮನಷ್ಟೇ ಚಿಕ್ಕೋನಾಗಿರ್ತಾನೆ ಬಿಡು. ದೊಡ್ಡೋನಾಗಿ ಬಂದ್ರೆ ತಮ್ಮ ಹೆದರ್ಕೊಳ್ಳಲ್ವಾ?”

ಅಜ್ಜಿ ಅವಳನ್ನು ಹತ್ತಿರಕ್ಕೆ ಎಳೆದುಕೊಂಡರು.

ನರ್ಸ್ ಬಾಗಿಲು ತೆರೆದಳು. “ಬನ್ನಿ ಅಜ್ಜಿ, ನೋಡಿ. ಮಗು ಈಗ ತಾನಾಗೇ ಉಸಿರಾಡ್ತಿದೆ.”

ಅಜ್ಜಿ ದಡಬಡಿಸಿ ಎದ್ದರು.

“ಮೆಲ್ಲಗೆ ಅಜ್ಜಿ,” ಎಂದಳು ಹುಡುಗಿ, “ಇಬ್ರೂ ಮಲಗಿರ್ತಾರೆ.”

ಅಜ್ಜಿ ಚಪ್ಪಲಿ ಬಿಟ್ಟು, ಅವಳ ಕೈ ಹಿಡಿದು, ತುದಿಗಾಲಲ್ಲಿ ಒಳಗೆ ಹೋದರು.